ಬೊಗಸೆಯ ಪಾಲು

ಒಂದು ಊರಿತ್ತು. ಅದಕ್ಕೆ ಹೆಸರಿರಲಿಲ್ಲ. ಇನ್ನೊಂದು ಊರು ಇದೆಯೆಂದು ಅಲ್ಲಿಯವರಿಗೆ ಗೊತ್ತಿದ್ದರೆ ತಾನೇ ತಮ್ಮದಕ್ಕೊಂದು ಹೆಸರು ಬೇಕಾಗುವುದು? ಸುತ್ತ ಗೋಡೆ, ಗೋಡೆಗೆ ಒಂದೇ ಬಾಗಿಲು. ಊರ ನಡುವೆ ಒಂದು ಬಾವಿ, ಬಾವಿಯ ಪಕ್ಕದಲ್ಲಿ ಒಂದು ಕಲ್ಲುಕಟ್ಟೆ. ಆ ಊರಿನಲ್ಲಿ ದಿನಕ್ಕೆ ಒಂದೇ ಸಂಗತಿ ನಡೆಯುತ್ತಿತ್ತು.

ನಗಬೇಡಿ. ನಿಮ್ಮ ಊರಿನಲ್ಲಿ ದಿನಕ್ಕೆ ನೂರು ನಡೆಯುತ್ತವೆ, ಸರಿ, ಅದರಲ್ಲಿ ನೆನಪಿಡುವಂಥದ್ದು ಎಷ್ಟು? ಏಳುವುದು, ಕೆಮ್ಮುವುದು, ಒಲೆ ಊದುವುದು ಇವೆಲ್ಲ ಅಲ್ಲಿ ಲೆಕ್ಕಕ್ಕಿರಲಿಲ್ಲ. ಲೆಕ್ಕಕ್ಕಿದ್ದದ್ದು ಕಟ್ಟೆಯ ಮೇಲೆ ಸಾಲಾಗಿಟ್ಟ ಮಣ್ಣಿನ ಬಟ್ಟಲುಗಳು. ಒಂದು ಹುಟ್ಟಿನ ಬಟ್ಟಲು, ಒಂದು ಸಾವಿನದು, ಒಂದು ಮದುವೆಯದು. ಜಗಳದ್ದು, ಕಳವಿನದು, ಬೆಂಕಿಯದು, ಮಳೆಯದು. ಎಲ್ಲಕ್ಕಿಂತ ದೊಡ್ಡದು, ಮಗುವನ್ನು ಕೂರಿಸಿ ಮೀಯಿಸಬಹುದಾದಷ್ಟು ದೊಡ್ಡದು, ‘ಏನೂ ಇಲ್ಲ’ದ ಬಟ್ಟಲು.

ಬೆಳಗಾದರೆ ಎರೆಯುವವಳು ಬಾವಿಯಿಂದ ಒಂದು ಕೊಡ ನೀರು ಸೇದುತ್ತಿದ್ದಳು. ಕೊಡ ಕಂಠದ ತನಕ ತುಂಬಿರಬೇಕು, ಒಂದು ಕೊಡಕ್ಕೆ ಹೆಚ್ಚಲ್ಲ, ಒಂದು ಕೊಡಕ್ಕೆ ಕಡಿಮೆಯಲ್ಲ. ಅದನ್ನು ಸೊಂಟದ ಮೇಲಿಟ್ಟು ಬಟ್ಟಲಿಂದ ಬಟ್ಟಲಿಗೆ ಎರೆಯುತ್ತ ಹೋಗಬೇಕು. ಯಾವುದಕ್ಕೆ ಎಷ್ಟು ಎಂದು ಅಳೆಯುವವನು ತನ್ನ ಕೋಲಿನ ಕಚ್ಚು ನೋಡಿ ಹೇಳುತ್ತಿದ್ದ. ಆ ಊರಲ್ಲಿ ಹಿಂದೆ ಏನೇನು ಎಷ್ಟೆಷ್ಟು ಸಲ ನಡೆದಿತ್ತೋ ಅಷ್ಟಷ್ಟೇ ಪಾಲು. ಕೊಡದಲ್ಲಿ ಹನಿ ಉಳಿಯಕೂಡದು, ಹನಿ ನೆಲಕ್ಕೆ ಬೀಳಕೂಡದು. ಒಂದರ ಪಾಲು ಏರಿತೆಂದರೆ ಇನ್ನೊಂದರದು ಇಳಿಯಲೇಬೇಕು, ಯಾಕೆಂದರೆ ಕೊಡ ಒಂದೇ. ಹೊತ್ತು ಮುಳುಗುವಾಗ ಊರವರೆಲ್ಲ ಬಂದು ನೋಡುತ್ತಿದ್ದರು. ಒಂದು ಬಟ್ಟಲು ತಾನಾಗಿ ಒಣಗಿರುತ್ತಿತ್ತು. ಅವತ್ತು ನಡೆದದ್ದು ಅದು. ಉಳಿದ ನೀರನ್ನು ಬಾವಿಗೇ ಹಿಂತಿರುಗಿಸುತ್ತಿದ್ದರು.

ಬಹಳ ದಿನ ಒಣಗುತ್ತಿದ್ದದ್ದು ದೊಡ್ಡ ಬಟ್ಟಲೇ. ಜನ ಒಬ್ಬರ ಮುಖ ಒಬ್ಬರು ನೋಡಿ, “ಏನೂ ಇಲ್ಲ, ಸದ್ಯ” ಎಂದು ಮನೆಗೆ ಹೋಗಿ ಮಲಗುತ್ತಿದ್ದರು.

ಇನ್ನು ಬಾಗಿಲು. ಅದಕ್ಕೆ ಬೀಗವಿರಲಿಲ್ಲ, ಕಾವಲಿರಲಿಲ್ಲ, ಕದವೂ ಇರಲಿಲ್ಲ. ಯಾರು ಬೇಕಾದರೂ ಹೊಸ್ತಿಲು ದಾಟಬಹುದಿತ್ತು. ಆದರೆ ದಾಟಿ ಇಟ್ಟ ಹೆಜ್ಜೆ ಅದೇ ಬಾಗಿಲಿಂದ ಊರೊಳಗೇ ಬಿದ್ದಿರುತ್ತಿತ್ತು. ಅದೇ ಬೀದಿ, ಅದೇ ಬಾವಿ, ಹಿಂದೆ ಬಿಟ್ಟು ಬಂದ ಅದೇ ನಾಯಿ ಮುಂದೆ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಊರು ಬಿಟ್ಟು ಹೋಗುವುದಕ್ಕೆ ಕಟ್ಟೆಯ ಮೇಲೆ ಬಟ್ಟಲಿರಲಿಲ್ಲ. ಬಟ್ಟಲಿಲ್ಲದ್ದು ನಡೆಯುವುದು ಹೇಗೆ?

ಎರೆಯುವವಳಿಗೆ ಈ ಬಗ್ಗೆ ಯಾವ ತಕರಾರೂ ಇರಲಿಲ್ಲ. ಅವಳ ತಾಯಿ ಎರೆದಿದ್ದಳು, ತಾಯಿಯ ತಾಯಿ ಎರೆದಿದ್ದಳು. ಕೊಡ ಕೂತು ಕೂತು ಅವಳ ಸೊಂಟದ ಬಲಭಾಗ ಜಡ್ಡುಗಟ್ಟಿತ್ತು. ತಕರಾರು ಇದ್ದದ್ದು ಅವಳ ಮಗಳಿಗೆ.

“ಹೋಗಕ್ಕಾಗದಿದ್ರೆ ಬಾಗಿಲು ಯಾಕವ್ವಾ ಇಟ್ರು? ಗೋಡೇನೇ ಇಡಬಹುದಿತ್ತಲ್ಲ?”

“ಗಾಳಿ ಬರಲಿ ಅಂತ ಕಣೆ.”

“ಹಂಗಾದ್ರೆ ಗಾಳಿ ಎಲ್ಲಿಂದ ಬರುತ್ತೆ?”

ಉತ್ತರವಿಲ್ಲದ ತಾಯಂದಿರು ಮಾಡುವಂತೆ ಅವಳೂ ಗದರಿದಳು. ಮಗಳು ಎದ್ದು ಹೋಗಿ ಹೊಸ್ತಿಲು ದಾಟಿದಳು. ದಾಟಿ ಒಳಗೆ ಬಂದಳು. ಮತ್ತೆ ದಾಟಿದಳು, ಮತ್ತೆ ಒಳಗೆ ಬಂದಳು. ಅಂದಿನಿಂದ ಅವಳಿಗೆ ಅದೇ ಕೆಲಸವಾಯಿತು. ಬೆಳಗಿಂದ ಬೈಗಿನ ತನಕ ಗಾಣದೆತ್ತಿನ ಹಾಗೆ ಹೊರಗೆ ಹೋಗಿ ಒಳಗೆ ಬರುವಳು, ಹೊರಗೆ ಹೋಗಿ ಒಳಗೆ ಬರುವಳು.

ಊರವರು ಮೊದಲು ನಕ್ಕರು. ಆಮೇಲೆ ಬೈದರು. ಆಮೇಲೆ ನೋಡುವುದನ್ನೇ ಬಿಟ್ಟರು. ತಾಯಿ ಮಾತ್ರ ನೋಡುತ್ತಿದ್ದಳು. ಪ್ರತಿ ಸಲ ದಾಟಿದಾಗಲೂ ಮಗಳು ತುಸು ಕಡಿಮೆಯಾಗಿ ಬರುತ್ತಿದ್ದಳು. ಮೊದಲು ಹೆಜ್ಜೆಯ ಸದ್ದು ಹೋಯಿತು. ಆಮೇಲೆ ನೆರಳು ತೆಳುವಾಯಿತು. ಒಂದು ಸಂಜೆ ತಲೆ ಬಾಚಲು ಕೂದಲು ಹಿಡಿದರೆ ಕೈಯಲ್ಲಿ ತೂಕವೇ ಇಲ್ಲ. ಇದ್ದ ಒಬ್ಬ ಮಗಳು ತನ್ನ ಕಣ್ಣೆದುರಿಗೇ ಸವೆದುಹೋಗುತ್ತಿದ್ದಾಳೆ, ತಾನು ದಿನವೂ ಸಾಲು ಬಟ್ಟಲಿಗೆ ನೀರೆರೆಯುತ್ತ ನಿಂತಿದ್ದೇನೆ ಎಂದು ಎರೆಯುವವಳಿಗೆ ಮೊದಲ ಸಲ ಅನಿಸಿತು.

ಇದನ್ನು ನೋಡಿದವನು ಇನ್ನೊಬ್ಬನಿದ್ದ. ಅಳೆಯುವವನ ಕಣ್ಣಿಗೆ ಬೀಳದ್ದು ಆ ಊರಲ್ಲಿ ಯಾವುದಿತ್ತು? ಮರುದಿನ ಬೆಳಗ್ಗೆ ಅವನು ಸಾವಿನ ಬಟ್ಟಲಲ್ಲಿ ಕೋಲಿಟ್ಟು ಹೆಬ್ಬೆರಳನ್ನು ಒಂದು ಕಚ್ಚು ಮೇಲಕ್ಕೆ ಸರಿಸಿದ.

“ಇವತ್ತಿಂದ ಇಷ್ಟು, ತಾಯಿ.”

“ಯಾಕಯ್ಯಾ?”

ಅವನು ಬಾಗಿಲ ಕಡೆ ನೋಡಿದ. ಕೆಟ್ಟವನಲ್ಲ ಅವನು. ಹಿಂದೆಯೂ ಯಾರಾದರೂ ಹೀಗೆ ಸೊರಗಿದಾಗ ಆ ಬಟ್ಟಲಿನ ಪಾಲು ಏರಿತ್ತು, ಈಗಲೂ ಏರಬೇಕು, ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಅಳೆಯುವುದು ಅವನ ಕೆಲಸ. ದೊಡ್ಡ ಬಟ್ಟಲಿನಿಂದ ಒಂದು ಕಚ್ಚು ಇಳಿಸಿ ಸಾವಿನದಕ್ಕೆ ಏರಿಸಿದ. ತಾಯಿ ತನ್ನ ಕೈಯಾರೆ ಎರೆದಳು. ಮರುದಿನ ಇನ್ನೊಂದು ಕಚ್ಚು. ಅದರ ಮರುದಿನ ಇನ್ನೂ ಒಂದು. ಹೆತ್ತ ಕೈಯಿಂದ ಇಂಥ ಕೆಲಸ ಮಾಡಿಸಿದ ಊರು ಅದು.

ಸಂಜೆಯಾದರೆ ಅವಳು ಎಲ್ಲರಿಗಿಂತ ಮೊದಲು ಕಟ್ಟೆಗೆ ಓಡುತ್ತಿದ್ದಳು. ದೊಡ್ಡ ಬಟ್ಟಲು ಒಣಗಿದ್ದರೆ ಅದರ ಅಂಚನ್ನು ತಬ್ಬಿಕೊಳ್ಳುತ್ತಿದ್ದಳು. ಹಿಂದೆಲ್ಲ ಬೇಸರ ಬರಿಸುತ್ತಿದ್ದ ‘ಏನೂ ಇಲ್ಲ’ ಈಗ ಅವಳ ಮನೆದೇವರಾಗಿತ್ತು. ಆದರೆ ಆ ದೇವರ ಪಾಲು ದಿನೇದಿನೇ ಇಳಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದಳು. “ಅಯ್ಯಾ, ಊರು ಬಿಟ್ಟು ಹೋಗೋದಕ್ಕೆ ಒಂದು ಬಟ್ಟಲು ಇಡಿ. ಚಿಕ್ಕದು ಸಾಕು. ಒಂದು ಹನಿ ಹಿಡಿಯೋವಷ್ಟು.”

“ಬಟ್ಟಲು ಮಾಡೋಕೆ ಮಣ್ಣೆಲ್ಲಿದೆ, ತಾಯಿ? ಜೇಡಿಮಣ್ಣು ನಮ್ಮ ಊರಲ್ಲಿ ಹುಟ್ಟಲ್ಲ. ಹಿರಿಯರು ಎಲ್ಲಿಂದ ತಂದ್ರೋ.”

“ಹೊರಗಿಂದ ತಂದಿರಬೇಕು.”

“ಹೊರಗೆ ಹೋದವರಿಲ್ಲವಲ್ಲ.”

“ಮರದ್ದಾದ್ರೂ ಕೊರೆಸಿ.”

ಅಳೆಯುವವನು ಕೋಲನ್ನು ಮಡಿಲಲ್ಲಿಟ್ಟುಕೊಂಡು ನಿಟ್ಟುಸಿರು ಬಿಟ್ಟ. “ಮಣ್ಣು ಮರದ ಮಾತಲ್ಲ ಇದು. ಒಂದು ಸಲ ಕಂಡದ್ದಕ್ಕೆ ಪಾಲುಂಟು. ಕಾಣದ್ದಕ್ಕೆ ಪಾಲಿಲ್ಲ. ಯಾರಾದರೂ ಹೋದದ್ದನ್ನ ಯಾರಾದರೂ ಕಂಡಿದ್ದಾರಾ?”

“ಪಾಲೇ ಇಲ್ಲದೆ ಅದು ಹೆಂಗೆ ಆಗುತ್ತೆ? ಆಗದೆ ಹೆಂಗೆ ಕಾಣುತ್ತೆ?”

“ನಾನೂ ಹುಡುಗನಾಗಿದ್ದಾಗ ಕೇಳಿದ್ದೆ” ಎಂದ ಅವನು. “ನಮ್ಮಪ್ಪನೂ ಅವರಪ್ಪನ್ನ ಕೇಳಿದ್ದನಂತೆ.”

ಅವನು ಇದನ್ನು ಸಮಾಧಾನದ ಮಾತೆಂದೇ ಹೇಳಿದ್ದ. ಅವಳಿಗೆ ಗೋಡೆಗೆ ಇನ್ನೊಂದು ಸುತ್ತು ಗೋಡೆ ಎದ್ದಂತಾಯಿತು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ನೀರು ಸೇದಿದಳು. ಹುಟ್ಟಿಗೆ ಎರೆದಳು, ಮದುವೆಗೆ ಎರೆದಳು, ಜಗಳಕ್ಕೆ, ಕಳವಿಗೆ, ಬೆಂಕಿಗೆ, ಮಳೆಗೆ ಎರೆದಳು. ದೊಡ್ಡ ಬಟ್ಟಲಿಗೆ, ಈಗ ಅದರ ಪಾಲಿಗೆ ಉಳಿದಿದ್ದಷ್ಟನ್ನು, ಎರೆದಳು. ಕೊನೆಗೆ ಸಾವಿನ ಬಟ್ಟಲು. ಅಳೆಯುವವನ ಹೆಬ್ಬೆರಳು ಕೋಲಿನ ಅರ್ಧ ದಾಟಿತ್ತು. ಅವಳು ಕೊಡ ಬಗ್ಗಿಸಿದಳು. ನೀರು ಇಳಿಯಿತು. ಅಷ್ಟರಲ್ಲಿ ಅವಳ ಎಡಗೈ ಮುಂದೆ ಹೋಗಿ ಧಾರೆಗೆ ಅಡ್ಡ ನಿಂತಿತು. ಬೇಕೆಂದು ಮಾಡಿದ್ದಲ್ಲ. ಮಗು ಒಲೆಯ ಕಡೆ ತೆವಳಿದರೆ ತಾಯಿಯ ಕೈ ಅವಳನ್ನು ಕೇಳಿ ಹೋಗುತ್ತದೆಯೇ?

ಕೊಡ ಬರಿದಾಯಿತು. ಅದನ್ನು ಕೆಳಗಿಟ್ಟು ಬಲಗೈಯನ್ನೂ ಕೂಡಿಸಿದಳು. ಬೊಗಸೆ ತುಂಬ ನೀರಿತ್ತು.

“ಬಿಡು ತಾಯಿ, ಬಟ್ಟಲಿಗೆ ಬಿಡು” ಎಂದ ಅಳೆಯುವವನು.

“ಇದಕ್ಕೆ ಬೇರೆ ಹೆಸರಿದೆ.”

“ಏನು?”

“ನನ್ನ ಮಗಳು ಹೊಸ್ತಿಲು ದಾಟ್ತಾಳೆ.”

ಕಟ್ಟೆಯ ಸುತ್ತ ಇದ್ದವರು ಗುಜುಗುಜು ಎಂದರು. ಬೊಗಸೆಯೂ ಒಂದು ಬಟ್ಟಲೇ ಎಂದು ಯಾರೋ ಕೇಳಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ನೀರು ನಿಂತಿದೆಯಲ್ಲ ಎಂದು ಇನ್ಯಾರೋ ಅಂದರು. ಅಳೆಯುವವನು ತಲೆ ಕೆರೆದುಕೊಂಡ. ನೀರನ್ನು ನೆಲಕ್ಕೆ ಚೆಲ್ಲಿಸುವಂತಿಲ್ಲ. ಎರೆದು ಹೆಸರಿಟ್ಟದ್ದನ್ನು ಇನ್ನೊಂದಕ್ಕೆ ಸುರಿಸುವಂತಿಲ್ಲ. ಎಲ್ಲ ಸೇರಿ ಒಂದು ಕೊಡ ಆಯಿತೇ ಎಂದರೆ ಆಯಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಕೋಲಿಗೆ ತಪ್ಪು ಸಿಗಲಿಲ್ಲ.

“ಹೊತ್ತು ಮುಳುಗೋ ತನಕ ಹಿಡಿದಿರಬೇಕಾಗುತ್ತೆ” ಎಂದ. “ಬಟ್ಟಲು ಕಟ್ಟೆ ಬಿಟ್ಟು ಇಳಿಯೋ ಹಾಗಿಲ್ಲ.”

“ಹಿಡೀತೀನಿ.”

ಹಿಡಿದಳು. ನೊಣ ಮುಖದ ಮೇಲೆ ಕೂತರೂ ಹಿಡಿದಳು. ಮೊಣಕೈ ಕಲ್ಲಿಗೆ ಒತ್ತಿ ಚರ್ಮ ಸುಲಿದರೂ ಹಿಡಿದಳು. ಬೆರಳ ಸಂದಿಯಿಂದ ಜಿನುಗಿದ್ದು ಮಡಿಲಿಗೆ ಬಿದ್ದು ಇಂಗುತ್ತಿತ್ತು, ಮಗಳ ಪಾಲು ಅಷ್ಟಷ್ಟಾಗಿ ತನ್ನ ಸೀರೆಗೆ ಹೋಗುತ್ತಿದೆಯೆಂದು ಜೀವ ಹಿಡಿಯಷ್ಟಾಗುತ್ತಿತ್ತು. ದೂರದಲ್ಲಿ ಮಗಳು ಹೊರಗೆ ಹೋಗಿ ಒಳಗೆ ಬರುತ್ತಿದ್ದಳು. ಸಂಜೆ ದೊಡ್ಡ ಬಟ್ಟಲು ಒಣಗಿತ್ತು. ಮರುದಿನವೂ ಹಿಡಿದಳು. ಅವತ್ತು ಜಗಳದ ಬಟ್ಟಲು ಒಣಗಿತು, ಯಾರೋ ಇಬ್ಬರು ಕೋಳಿಗಾಗಿ ಹೊಡೆದಾಡಿದರು. ಅದರ ಮರುದಿನವೂ ಹಿಡಿದಳು. ನಿನ್ನೆ ಆಗಲಿಲ್ಲವೆಂದು ಇವತ್ತು ಒಂದು ಹನಿಯೂ ಹೆಚ್ಚು ಸಿಗುತ್ತಿರಲಿಲ್ಲ. ಕೊಡಕ್ಕೆ ನಿನ್ನೆಯ ನೆನಪಿಲ್ಲ. ಪ್ರತಿ ಬೆಳಗೂ ಮೊದಲಿಂದಲೇ.

ಹೀಗೆ ಹಿಡಿಯುತ್ತ ಹಿಡಿಯುತ್ತ ಒಂದು ಮಧ್ಯಾಹ್ನ ಅವಳ ಅಂಗೈ ಬೆಚ್ಚಗಾಯಿತು. ನೋಡುತ್ತಾಳೆ, ನೀರಿಲ್ಲ. ಚೆಲ್ಲಿದ್ದಲ್ಲ, ಜಿನುಗಿದ್ದಲ್ಲ, ಒಣಗಿದೆ. ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಮಗಳು ಹೊಸ್ತಿಲು ದಾಟಿದ್ದಳು. ಒಳಗೆ ಬರಲಿಲ್ಲ. ಇನ್ನೂ ಬರಲಿಲ್ಲ. ಬರಲೇ ಇಲ್ಲ.

ಎರೆಯುವವಳು ಎದ್ದು ನಿಂತು ಖಾಲಿ ಕೈಗಳಿಂದ ಚಪ್ಪಾಳೆ ಹೊಡೆದಳು, ಹುಚ್ಚಿಯ ಹಾಗೆ ನಕ್ಕಳು. ಆಮೇಲೆ ಓಡಿದಳು. ಬಾಗಿಲು ದಾಟಿದಳು. ಬಾವಿ, ಕಟ್ಟೆ, ನಾಯಿ. ಹೌದಲ್ಲ, ತಾನು ಇಟ್ಟ ಹೆಸರಿನಲ್ಲಿ ತಾನಿರಲಿಲ್ಲ. ಮಗಳ ಮುಖವನ್ನು ಕೊನೆಯ ಸಲ ಸರಿಯಾಗಿ ನೋಡಲೂ ಇಲ್ಲವಲ್ಲ ಎಂಬುದು ಆಗ ಹೊಳೆದು ಹೊಸ್ತಿಲ ಮೇಲೇ ಕುಸಿದು ಅತ್ತಳು.

ಅಳುವುದಕ್ಕೆ ಬೆಳಗಿನ ತನಕವಷ್ಟೇ ಪುರುಸೊತ್ತು. ಬೆಳಗಾದಾಗ ಊರಿಗೆ ಊರೇ ಕಟ್ಟೆಯ ಸುತ್ತ ಸೇರಿತ್ತು. ಎಲ್ಲರ ಕಣ್ಣೂ ಅವಳ ಕೈಗಳ ಮೇಲೆ. ಅಳೆಯುವವನು ಕೋಲಿನ ತುದಿಯಲ್ಲಿ ಒಂದು ಹೊಸ ಕಚ್ಚು ಕೆತ್ತಿ ತಂದಿದ್ದ.

“ಕಂಡದ್ದಕ್ಕೆ ಪಾಲು ಕೊಡದೆ ಬಿಡುವಂತಿಲ್ಲ” ಎಂದ. “ನಿನ್ನ ಮಗಳು ದಾಟ್ತಾಳೆ ಅಂತ ಇನ್ನು ಎರೆದು ಫಲವಿಲ್ಲ, ದಾಟಿದವಳು ಮತ್ತೆ ದಾಟಲ್ಲ. ಹೆಸರು ಅಗಲ ಮಾಡೋಣ. ‘ಊರಿನವರೊಬ್ಬರು ದಾಟ್ತಾರೆ.’ ಅದರಲ್ಲಿ ಎಲ್ಲರೂ ಬಂದರು. ನೀನೂ ಬಂದೆ, ನಾನೂ ಬಂದೆ.”

“ಬಟ್ಟಲು?”

ಅವನು ಅವಳ ಕೈಗಳನ್ನೇ ನೋಡಿದ. “ಯಾರ ಬೊಗಸೆಯಾದರೂ ಆದೀತು” ಎಂದು ಜನರ ಕಡೆ ತಿರುಗಿದ. ಬೆಕ್ಕಿಗೆ ಗಂಟೆ ಕಟ್ಟುವುದು ಒಳ್ಳೆಯದೆಂದು ಎಲ್ಲ ಇಲಿಗಳಿಗೂ ಗೊತ್ತು. ಒಬ್ಬನಿಗೆ ಕೈಯಲ್ಲಿ ಇಸಬು, ಒಬ್ಬಳಿಗೆ ಬೆರಳಲ್ಲಿ ವಾತ, ಇನ್ನೊಬ್ಬನಿಗೆ ಮನೆಯಲ್ಲಿ ಕೆಲಸ. “ನಿನ್ನ ಕೈ ಪಳಗಿದೆಯಲ್ಲ, ಅವ್ವಾ” ಎಂದರು ಎಲ್ಲರೂ, ಹೊಗಳುವವರ ಹಾಗೆ.

ಅಂದಿನಿಂದ ಅವಳೇ ಬಟ್ಟಲಾದಳು. ಬೆಳಗ್ಗೆ ಎರೆದು ಕಟ್ಟೆಯ ಮೇಲೆ ಕೂತರೆ ಸಂಜೆಯ ತನಕ ಅಲ್ಲಾಡುವಂತಿಲ್ಲ. ಊರವರೆಲ್ಲ ಒಂದೊಂದು ಗಂಟು ಕಟ್ಟಿಕೊಂಡು ಬಾಗಿಲ ಬಳಿ ಸಾಲು ನಿಂತರು. ಅವಳ ಅಂಗೈ ಒಣಗುವ ಗಳಿಗೆಯಲ್ಲಿ ಯಾರ ಕಾಲು ಹೊಸ್ತಿಲ ಮೇಲಿರುತ್ತದೋ ಅವರ ಪುಣ್ಯ. ಆದ್ದರಿಂದ ಸಾಲು ನಿಲ್ಲದೆ ತಿರುಗುತ್ತಿತ್ತು, ಹೊರಗೆ ಹೋಗಿ ಒಳಗೆ ಬರುತ್ತಿತ್ತು, ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಮದುವೆಗೆ ಬಿಡುವಿರಲಿಲ್ಲ, ಜಗಳಕ್ಕೂ ಇರಲಿಲ್ಲ. ಅವಳ ಬೆರಳ ಸಂದಿಯಲ್ಲಿ ಒಂದು ಹನಿ ಜಿನುಗಿದರೆ ಸಾಲಿನಿಂದ ಯಾರಾದರೂ ಕೂಗುತ್ತಿದ್ದರು: “ಏಯ್, ಸರಿಯಾಗಿ ಹಿಡಿಯೇ!” ‘ಅವ್ವಾ’ ಎನ್ನುತ್ತಿದ್ದವರೇ ಈಗ ‘ಏಯ್’ಗೆ ಇಳಿದಿದ್ದರು. ಅಪರೂಪಕ್ಕೊಮ್ಮೆ ಅಂಗೈ ಬೆಚ್ಚಗಾಗುತ್ತಿತ್ತು, ಸಾಲಿನಲ್ಲಿ ಒಬ್ಬರು ಕಡಿಮೆಯಾಗುತ್ತಿದ್ದರು. ಹೋದವರು ಯಾರೆಂದು ನೋಡಲು ಅವಳಿಗೆ ಕತ್ತು ತಿರುಗುತ್ತಿರಲಿಲ್ಲ.

ಸಿಟ್ಟು ಬರುತ್ತಿತ್ತು ಅವಳಿಗೆ. ಬೊಗಸೆ ಬಿಚ್ಚಿಬಿಡಲೇ ಅನ್ನಿಸುತ್ತಿತ್ತು. ಆದರೆ ಆ ಸಾಲಿನಲ್ಲಿ ಯಾರ್ಯಾರದೋ ಹೆಣ್ಣುಮಕ್ಕಳೂ ನೆರಳು ತೆಳುವಾಗಿ ತಿರುಗುತ್ತಿದ್ದರಲ್ಲ. ಅವರ ಪಾಲನ್ನು ನೆಲಕ್ಕೆ ಚೆಲ್ಲಲು ಅವಳ ಕೈ ಬರಲಿಲ್ಲ.

ಒಂದು ದಿನ ಬಿಸಿಲೇರಿದ ಹೊತ್ತಿನಲ್ಲಿ ಬಾಗಿಲ ಆಚೆಯಿಂದ ದನಿ ಬಂತು.

“ಅವ್ವಾ!”

ಮನುಷ್ಯರಿಗೆ ದಾಟಲಾಗದ ಹೊಸ್ತಿಲನ್ನು ದನಿ ದಾಟಿತ್ತು. ದನಿಗೆ ಪಾಲು ಬೇಕಿಲ್ಲವೇನೋ.

“ಅವ್ವಾ, ನಾನು. ಇಲ್ಲೇ ಇದೀನಿ, ಬಾಗಿಲ ಮುಂದೇನೇ.”

ಎರೆಯುವವಳ ಬೊಗಸೆಯ ನೀರು ಅಲುಗಿತು. “ಮುಂದೆ ಹೋಗಲಿಲ್ವೇನೆ?”

“ನೀನು ಬರ್ತೀಯ ಅಂತ ಕೂತಿದೀನಿ. ಒಬ್ಬೊಬ್ಬರೇ ಬರ್ತಿದಾರೆ ನಮ್ಮೂರವರು. ಒಂದಲ್ಲ ಒಂದು ದಿನ ನೀನೂ ಬಂದೇ ಬರ್ತೀಯಲ್ಲ.”

“ಅಲ್ಲಿ ಏನಿದೆ?”

“ದಾರಿ ಇದೆ ಅವ್ವಾ. ದಾರಿ ತುಂಬ ದೂರ ಹೋಗುತ್ತೆ. ನಾನಿನ್ನೂ ಒಂದು ಹೆಜ್ಜೆ ಇಟ್ಟಿಲ್ಲ. ನೀನು ಬಾ, ಜೊತೆಗೆ ಹೋಗೋಣ.”

ಆ ದನಿ ತೆಳ್ಳಗಿತ್ತು. ಆ ತೆಳ್ಳನೆಯ ಗುರುತು ತಾಯಿಗೆ ಸಿಕ್ಕಿತು. ಹೊರಗೆ ಹೋದವಳು ಹೊರಗೂ ಸವೆಯುತ್ತಿದ್ದಳು.

ಅವಳು ಸಾಲಿನ ಕಡೆ ತಿರುಗಿದಳು. “ಅಪ್ಪಗಳಿರಾ, ಅಮ್ಮಗಳಿರಾ, ಒಂದು ಗಳಿಗೆ ಯಾರಾದರೂ ಇದನ್ನ ಹಿಡೀರಿ. ನಾನೊಂದು ಸಲ ಹೊಸ್ತಿಲ ಮೇಲೆ ನಿಂತು ಬರ್ತೀನಿ.” ಎಲ್ಲರ ಎರಡೂ ಕೈಯಲ್ಲಿ ಗಂಟಿತ್ತು. ಅವಳು ಕೊನೆಗೆ ಅಳೆಯುವವನನ್ನು ಹುಡುಕಿದಳು. ಅವನೂ ಸಾಲಿನಲ್ಲಿದ್ದ. ಕೋಲನ್ನು ಗಂಟಿಗೆ ಸಿಕ್ಕಿಸಿಕೊಂಡಿದ್ದ, ಅವಳ ಕಣ್ಣು ತಪ್ಪಿಸಿ ಹೊಸ್ತಿಲು ದಾಟಿದ, ಒಳಗೆ ಬಂದ.

“ಅಯ್ಯಾ” ಎಂದು ಅವನನ್ನು ಕರೆದಳು. “ಎಂದಾದರೂ ಯಾರಾದರೂ ಹಿಡಿದಾರೇನು? ನಾನು ದಾಟೋದಕ್ಕೆ ಪಾಲು ಎಷ್ಟಿದೆ, ಅಳೆದು ಹೇಳಿ.”

ಅವನು ನಡೆಯುತ್ತಲೇ ತಲೆತಗ್ಗಿಸಿ ಹೇಳಿದ, “ಇದೆ ತಾಯಿ. ಇಲ್ಲ ಅನ್ನೋ ಹಾಗಿಲ್ಲ. ಕೂದಲೆಳೆಯಷ್ಟು ಇದೆ.”

ಕೂದಲೆಳೆಯಷ್ಟು. ಆ ಮಾತನ್ನು ಅವಳು ಒಂದಷ್ಟು ಹೊತ್ತು ಬಾಯಲ್ಲಿ ಹೊರಳಿಸಿದಳು. ಅದನ್ನು ಹಿಡಿದುಕೊಂಡು ತಾನು ಬದುಕಬಹುದಿತ್ತು. ದಿನವೂ ಬೆಳಗ್ಗೆ ಏಳಲು ಅಷ್ಟು ಸಾಕಿತ್ತು. ಆದರೆ ಅದೇ ಎಳೆಯ ಇನ್ನೊಂದು ತುದಿ ಹೊರಗೆ ದಾರಿಯ ಮೇಲೆ ಕೂತವಳ ಕಾಲಿಗೆ ಸುತ್ತಿಕೊಂಡಿದೆ. ಅವ್ವ ಬಂದಾಳು, ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ನಾಡಿದ್ದು. ಇಷ್ಟಾದರೂ ಇದೆ ಎನ್ನುವ ತನಕ ಅವಳು ಏಳುವವಳಲ್ಲ. ತನ್ನ ಮಗಳು ಅವಳು, ತನಗೆ ಗೊತ್ತಿಲ್ಲವೇ?

ಎರೆಯುವವಳು ಬಾಗಿಲ ಕಡೆ ದನಿ ಎತ್ತಿದಳು.

“ನಾನು ಬರಲ್ಲ ಕಣೆ.”

“ಇವತ್ತಲ್ಲದಿದ್ರೆ ಆಮೇಲೆ—”

“ಆಮೇಲೂ ಇಲ್ಲ. ಈಗ ತಾನೇ ಅಳೆದು ನೋಡಿದರು. ನನ್ನ ಪಾಲಿಗೆ ಏನೂ ಇಲ್ವಂತೆ. ಒಂದು ಹನಿಯೂ ಇಲ್ಲ.”

ಸಾಲಿನಲ್ಲಿ ಅಳೆಯುವವನು ಗಕ್ಕನೆ ನಿಂತ. ಹುಟ್ಟಿದಾಗಿನಿಂದ ಸುಳ್ಳು ಲೆಕ್ಕ ಕೇಳದ ಕಿವಿ ಅದು. ಅವಳು ಅವನನ್ನೇ ದುರುಗುಟ್ಟಿ ನೋಡಿದಳು.

“ಅಯ್ಯನೋರು ಅಳೆದ್ರಾ?” ಎಂದು ಹೊರಗಿನಿಂದ ಮಗಳು ಕೇಳಿದಳು. “ಹೌದಾ ಅಯ್ಯಾ?”

ಅವನು ನೆಲ ನೋಡುತ್ತ ಹೇಳಿದ, “ಹೌದು ಮಗಾ. ಏನೂ ಇಲ್ಲ.”

ಹೊರಗೆ ಒಂದು ಬಿಕ್ಕು ಕೇಳಿಸಿತು. ಆಮೇಲೆ ಯಾರೋ ಮಣ್ಣು ಕೊಡವಿಕೊಂಡು ಏಳುವ ಸದ್ದು. ಆಮೇಲೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಸದ್ದಿರುವ ಹೆಜ್ಜೆಗಳು. ಅವು ದೂರವಾಗುತ್ತ ಹೋದಷ್ಟೂ ಗಟ್ಟಿಯಾಗುತ್ತಿವೆಯೇನೋ ಎಂದು ತಾಯಿಗೆ ಅನ್ನಿಸಿತು. ಅವಳು ಉಸಿರು ಬಿಗಿಹಿಡಿದು ಕೇಳಿದಳು, ಒಂದೂ ಕೇಳಿಸದಾಗುವ ತನಕ ಕೇಳಿದಳು. ಸಾಲು ಮತ್ತೆ ತಿರುಗತೊಡಗಿತು. ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿತ್ತು, ಅವಳು ಬೆರಳುಗಳನ್ನು ಬಿಗಿ ಮಾಡಿಕೊಂಡು ಕೂತಳು.